ಸಾಕಾಗುವುದೆಷ್ಟು, ತಡೆದುಕೊಳ್ಳುವುದೆಷ್ಟು? ವಿಕಿರಣ ಅಯೋಡಿನ್ನಿನ ಲೆಕ್ಕದ ಕಥೆ

ಕೊಟ್ಟಾರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮೀನಿನ ಸಾರಿಲ್ಲದೆ ಅನ್ನ ಇಳಿಯದ ಮನೆ. ಆ ಮನೆಯ ತಾಯಿಗೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು, ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನು ತೆಗೆದಿದ್ದಾರೆ. ಈಗ ವೈದ್ಯರು ಹೇಳುತ್ತಾರೆ: "ಅಮ್ಮಾ, ಇನ್ನು ಎರಡು ವಾರ ಬಂಗುಡೆ ಬೇಡ, ಬೂತಾಯಿ ಬೇಡ, ಎಟ್ಟಿಯಂತೂ ಬೇಡವೇ ಬೇಡ. ಅಂಗಡಿಯ ಅಯೋಡಿನ್ ಉಪ್ಪನ್ನೂ ನಿಲ್ಲಿಸಿ." ಆಕೆ ಬೆರಗಾಗಿ, "ಮೀನಿಗೂ ಕುತ್ತಿಗೆಯ ಗಡ್ಡೆಗೂ ಏನು ಸಂಬಂಧ ಡಾಕ್ಟ್ರೇ?" ಎಂದು ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಈ ಪ್ರಶ್ನೆಯ ಹಿಂದೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಕಿರುತೆರೆಯ ಮಾತಿನಲ್ಲಿ ಇತಿಹಾಸವನ್ನು ಹೇಳಬಹುದು. ಲೆಕ್ಕ ಮಾಡಿ ತೋರಿಸಲು ಸಮಯ ಸಾಲದು. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಕಾಗದ, ಪೆನ್ಸಿಲು ಹತ್ತಿರವಿರಲಿ.

ನಮ್ಮ ಕುತ್ತಿಗೆಯ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುವ ಗ್ರಂಥಿಯೇ ಥೈರಾಯ್ಡ್. ತೂಕ ಸುಮಾರು 15ರಿಂದ 20 ಗ್ರಾಂ. ಅದು ತಯಾರಿಸುವ ಹಾರ್ಮೋನಿಗೆ ಅಯೋಡಿನ್ ಬೇಕೇ ಬೇಕು. ಹಾಗಾಗಿ ರಕ್ತದಲ್ಲಿ ಹರಿದು ಬರುವ ಅಯೋಡಿನ್ನನ್ನು ಈ ಗ್ರಂಥಿ ಹೆಕ್ಕಿ ಹೆಕ್ಕಿ ಕೂಡಿಡುತ್ತದೆ. ದೇಹದ ಬೇರೆ ಯಾವ ಅಂಗಕ್ಕೂ ಈ ಪ್ರಮಾಣದ ಹಸಿವಿಲ್ಲ. ಥೈರಾಯ್ಡ್ ಕ್ಯಾನ್ಸರಿನ ಸಾಮಾನ್ಯ ಬಗೆಗಳಲ್ಲಿ, ಕ್ಯಾನ್ಸರ್ ಕೋಶಗಳು ಎಷ್ಟೇ ಕೆಟ್ಟರೂ ಈ ತವರಿನ ಚಾಳಿಯನ್ನು ಪೂರ್ತಿ ಬಿಡುವುದಿಲ್ಲ. ಶ್ವಾಸಕೋಶಕ್ಕೋ ಎಲುಬಿಗೋ ಹೋಗಿ ನೆಲೆಸಿದ ಕೋಶವೂ ಅಯೋಡಿನ್ ಕಂಡರೆ ಬಾಯಿ ತೆರೆಯುತ್ತದೆ. ಅಂಥ ಕೋಶಕ್ಕೆ ವಿಕಿರಣ ಸೂಸುವ ಅಯೋಡಿನ್ನನ್ನೇ ಉಣಿಸಿದರೆ? ಅದು ತಾನಾಗಿಯೇ ತನ್ನ ಸಾವನ್ನು ನುಂಗುತ್ತದೆ. ಮೊದಲು ಎರಡು ವಾರ ಮೀನು, ಉಪ್ಪು ಬಿಡಿಸಿ ಕೋಶಗಳನ್ನು ಹಸಿದಿಡುವುದು ಇದಕ್ಕಾಗಿಯೇ.

ಉಪಾಯ ಸರಳವಾಯಿತು. ಆದರೆ ಎಷ್ಟು ಕೊಡಬೇಕು? ಕಡಿಮೆಯಾದರೆ ಕ್ಯಾನ್ಸರ್ ಉಳಿಯುತ್ತದೆ. ಹೆಚ್ಚಾದರೆ ರಕ್ತ ಹುಟ್ಟುವ ಅಸ್ಥಿಮಜ್ಜೆ ಬಾಡುತ್ತದೆ. ಇಡೀ ಇತಿಹಾಸ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಕಥೆ ಆರಂಭವಾಗುವುದು 1936ರ ನವೆಂಬರ್ 12ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಒಂದು ಸಭೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಅವರು ಜೀವವಿಜ್ಞಾನಕ್ಕೂ ವೈದ್ಯಕ್ಕೂ ಭೌತವಿಜ್ಞಾನ ಏನು ಮಾಡಬಲ್ಲದು ಎಂಬ ವಿಷಯವಾಗಿ ಮಾತಾಡುತ್ತಿದ್ದರು. ಕೃತಕ ವಿಕಿರಣಪಟುತ್ವ ಕಂಡುಬಂದು ಆಗ ಎರಡೇ ವರ್ಷ. 1934ರಲ್ಲಿ ಪ್ಯಾರಿಸ್ಸಿನ ಐರಿನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೋ ದಂಪತಿ ಅದನ್ನು ಸಾಧಿಸಿದ್ದರು. ಸಭೆಯಲ್ಲಿ ಥೈರಾಯ್ಡ್ ರೋಗಗಳ ತರುಣ ವೈದ್ಯ ಸಾಲ್ ಹರ್ಟ್ಸ್ ಕುಳಿತಿದ್ದ. ಅಯೋಡಿನ್ನನ್ನು ಕೃತಕವಾಗಿ ವಿಕಿರಣಪಟುವನ್ನಾಗಿ ಮಾಡಲು ಸಾಧ್ಯವೇ ಎಂದು ಆತ ಕೇಳಿದ. ಒಂದು ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ವೈದ್ಯಕೀಯದ ಹೊಸ ಶಾಖೆಯೊಂದಕ್ಕೆ ಬೀಜವಾದ ಉದಾಹರಣೆಗಳು ಹೆಚ್ಚಿಲ್ಲ. ತರಗತಿಯ ಹಿಂದಿನ ಬೆಂಚಿನವರು ಇದನ್ನು ಗಮನಿಸಬೇಕು.

ಮರುವರ್ಷವೇ ಹರ್ಟ್ಸ್, ಭೌತವಿಜ್ಞಾನಿಗಳಾದ ಆರ್ಥರ್ ರಾಬರ್ಟ್ಸ್ ಮತ್ತು ರಾಬ್ಲಿ ಇವಾನ್ಸ್ ಸೇರಿ 48 ಮೊಲಗಳ ಮೇಲೆ ಪ್ರಯೋಗ ಮಾಡಿದರು. ಅವರ ಕೈಯಲ್ಲಿದ್ದುದು ಅಯೋಡಿನ್-128. ಅದರ ಅರ್ಧಾಯು ಬರೀ 25 ನಿಮಿಷ. ಅಂದರೆ 25 ನಿಮಿಷಕ್ಕೆ ಅರ್ಧ, 50 ನಿಮಿಷಕ್ಕೆ ಕಾಲು, ಒಂದೂಕಾಲು ಗಂಟೆಗೆ ಎಂಟನೆಯ ಒಂದು ಪಾಲು. ತಯಾರಿಸಿ, ಉಣಿಸಿ, ಅಳೆದು ಮುಗಿಸುವಷ್ಟರಲ್ಲಿ ವಿಕಿರಣವೇ ಮುಗಿಯುತ್ತಿತ್ತು. ಥೈರಾಯ್ಡ್ ಅದನ್ನು ಹಿಡಿಯುತ್ತದೆ ಎಂಬುದು ಖಚಿತವಾಯಿತು. ಚಿಕಿತ್ಸೆಗೆ ಅದು ಒದಗುವಂತಿರಲಿಲ್ಲ.

ಇದೇ ಕೊರತೆಯನ್ನು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವೈದ್ಯ ಜೋಸೆಫ್ ಹ್ಯಾಮಿಲ್ಟನ್ ಕೂಡ ಅನುಭವಿಸುತ್ತಿದ್ದ. ಎಷ್ಟು ಅರ್ಧಾಯು ಬೇಕು ಎಂದು ರಸಾಯನವಿಜ್ಞಾನಿ ಗ್ಲೆನ್ ಸೀಬೋರ್ಗ್ ಕೇಳಿದಾಗ, ಸುಮಾರು ಒಂದು ವಾರ ಎಂದನಂತೆ. 1938ರಲ್ಲಿ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಅಯೋಡಿನ್-131ನ್ನು ಕಂಡುಹಿಡಿದರು. ಅರ್ಧಾಯು 8 ದಿನ! ಗಿರಾಕಿ ಕೇಳಿದ ಅಳತೆಗೆ ದರ್ಜಿ ಅಂಗಿ ಹೊಲಿದು ಕೊಟ್ಟಂತಾಯಿತು. ಮುಂದೆ ಸೀಬೋರ್ಗನ ತಾಯಿಗೇ ಥೈರಾಯ್ಡ್ ತೊಂದರೆಯಾದಾಗ ಮಗ ಕಂಡುಹಿಡಿದ ಇದೇ ಪದಾರ್ಥ ಚಿಕಿತ್ಸೆಗೆ ಒದಗಿತು.

1941ರಲ್ಲಿ ಹರ್ಟ್ಸ್ ಮೊದಲ ರೋಗಿಗೆ ವಿಕಿರಣ ಅಯೋಡಿನ್ ಕುಡಿಸಿದ. ಅದು ಕ್ಯಾನ್ಸರ್ ಅಲ್ಲ, ಥೈರಾಯ್ಡಿನ ಅತಿಚಟುವಟಿಕೆ. ಕ್ಯಾನ್ಸರಿನ ಸರದಿ ಬಂದದ್ದು 1943ರಲ್ಲಿ, ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ. ಅಲ್ಲಿನ ರೋಗಿಯೊಬ್ಬನ ಸ್ಥಿತಿ ಒಗಟಿನಂತಿತ್ತು. 1923ರಲ್ಲೇ ಅವನ ಥೈರಾಯ್ಡನ್ನು ತೆಗೆದುಹಾಕಿದ್ದರು. ಆದರೂ ಇಪ್ಪತ್ತು ವರ್ಷಗಳ ಬಳಿಕ ಅವನಲ್ಲಿ ಥೈರಾಯ್ಡ್ ಹಾರ್ಮೋನು ಅತಿಯಾದ ಲಕ್ಷಣಗಳು! ಗ್ರಂಥಿಯೇ ಇಲ್ಲದ ಮೇಲೆ ಹಾರ್ಮೋನು ಎಲ್ಲಿಂದ? ದೇಹದ ಬೇರೆಡೆಗೆ ಹರಡಿದ್ದ ಕ್ಯಾನ್ಸರ್ ಗಡ್ಡೆಗಳೇ ಅದನ್ನು ತಯಾರಿಸುತ್ತಿದ್ದವು. ಸ್ವಲ್ಪ ವಿಕಿರಣ ಅಯೋಡಿನ್ ಕೊಟ್ಟು ಗೈಗರ್ ಎಣಿಕೆಗಾರವನ್ನು ಮೈಮೇಲೆ ಹಿಡಿದಾಗ ಆ ಗಡ್ಡೆಗಳು ಒಂದೊಂದಾಗಿ ತಮ್ಮ ಇರವನ್ನು ಹೇಳಿಕೊಂಡವು. ವೈದ್ಯ ಸ್ಯಾಮ್ಯುಯೆಲ್ ಸೈಡ್ಲಿನ್, ಭೌತವಿಜ್ಞಾನಿ ಲಿಯೊನಿಡಾಸ್ ಮರಿನೆಲ್ಲಿ ಮತ್ತು ಎಲೀನರ್ ಆಶ್ರಿ 1946ರ ಡಿಸೆಂಬರಿನಲ್ಲಿ ಈ ವರದಿಯನ್ನು ಪ್ರಕಟಿಸಿದರು. ಅದೇ ವರ್ಷ ಓಕ್ ರಿಜ್ಜಿನ ಪರಮಾಣು ರಿಯಾಕ್ಟರಿನಿಂದ ಆಸ್ಪತ್ರೆಗಳಿಗೆ ಸಮಸ್ಥಾನಿಗಳ ಪೂರೈಕೆ ಆರಂಭವಾಯಿತು. ಬಾಂಬಿನ ಕಾರ್ಖಾನೆಯಿಂದಲೇ ಔಷಧವೂ ಬಂತು ಎಂಬುದು ಆ ಕಾಲದ ಒಂದು ವಿಚಿತ್ರ.

ಈಗ ನಮ್ಮ ಲೆಕ್ಕ. ಮರಿನೆಲ್ಲಿಯ ಹೆಸರನ್ನು ನೆನಪಿಡಿ. ಆತನೂ, ಎಡಿತ್ ಕ್ವಿಂಬಿ ಮತ್ತು ಜೆರಾಲ್ಡ್ ಹೈನ್ ಎಂಬ ಸಹೋದ್ಯೋಗಿಗಳೂ 1948ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಅಂಗಾಂಶದಲ್ಲಿ ಕುಳಿತ ಸಮಸ್ಥಾನಿಯ ಬೀಟಾ ಕಣಗಳಿಂದ ಅದಕ್ಕೆ ಸಿಗುವ ವಿಕಿರಣ ಎಷ್ಟು ಎಂಬುದನ್ನು ಆ ಸೂತ್ರ ಹೇಳುತ್ತದೆ. ಒಂದು ಗ್ರಾಂ ಅಂಗಾಂಶದಲ್ಲಿ ಎಷ್ಟು ಮೈಕ್ರೊಕ್ಯೂರಿ ಕುಳಿತಿದೆ ಎಂಬುದನ್ನು ಬೀಟಾ ಕಣದ ಸರಾಸರಿ ಶಕ್ತಿಯಿಂದಲೂ ಅರ್ಧಾಯುವಿನಿಂದಲೂ 73.8 ಎಂಬ ಸ್ಥಿರಾಂಕದಿಂದಲೂ ಗುಣಿಸಿ. ಉತ್ತರ ರ್‍ಯಾಡ್ ಎಂಬ ಮಾನದಲ್ಲಿ ಬರುತ್ತದೆ. (ಇಂದಿನ ಮಾನ ಗ್ರೇ, 100 ರ್‍ಯಾಡ್ ಎಂದರೆ ಒಂದು ಗ್ರೇ.) ಅಯೋಡಿನ್-131ರ ಬೀಟಾ ಕಣದ ಸರಾಸರಿ ಶಕ್ತಿ 0.19 ಮಿಲಿಯ ಎಲೆಕ್ಟ್ರಾನ್ ವೋಲ್ಟ್. ಗುಣಿಸಿ ನೋಡಿ: 73.8 × 0.19 × 8 = ಸುಮಾರು 112. ಎಂದರೆ ಒಂದು ಗ್ರಾಂನಲ್ಲಿ ಒಂದು ಮೈಕ್ರೊಕ್ಯೂರಿ ಕುಳಿತು, ಕೊನೆಯವರೆಗೂ ಅಲ್ಲೇ ಉಳಿದು ಕ್ಷಯಿಸಿದರೆ 112 ರ್‍ಯಾಡ್. ಈ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್ ಓಡುತ್ತವೆ. ಹಾಗಾಗಿ ನೆರೆಮನೆಯವರಿಗೆ ಹೆಚ್ಚು ತೊಂದರೆಯಿಲ್ಲ.

ಶಸ್ತ್ರಚಿಕಿತ್ಸಕ ಎಷ್ಟೇ ನಿಪುಣನಿರಲಿ, ಥೈರಾಯ್ಡಿನ ಒಂದು ಚೂರು ಸಾಮಾನ್ಯವಾಗಿ ಉಳಿದೇ ಇರುತ್ತದೆ. ಅದನ್ನು ಸುಟ್ಟುಬಿಡಲು 30,000 ರ್‍ಯಾಡ್ ಬೇಕು, ಹರಡಿದ ಗಂಟುಗಳಿಗೆ 8,000 ರ್‍ಯಾಡ್ ಬೇಕು ಎಂದು ಹ್ಯಾರಿ ಮ್ಯಾಕ್ಸನ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಉಳಿದ ಚೂರು 2 ಗ್ರಾಂ ಎನ್ನೋಣ. 30,000ವನ್ನು 112ರಿಂದ ಭಾಗಿಸಿದರೆ ಗ್ರಾಂಗೆ ಸುಮಾರು 268 ಮೈಕ್ರೊಕ್ಯೂರಿ. ಎರಡು ಗ್ರಾಂಗೆ 536, ಅಂದರೆ ಸುಮಾರು ಅರ್ಧ ಮಿಲಿಕ್ಯೂರಿ. ಇಷ್ಟು ಸಾಕೇ? ಅಲ್ಲ. ಕುಡಿದದ್ದರಲ್ಲಿ ಆ ಚೂರು ಹಿಡಿಯುವುದು ಶೇಕಡ 2 ಮಾತ್ರ ಎಂದಿಟ್ಟುಕೊಳ್ಳಿ. ಉಳಿದದ್ದು ಮುಖ್ಯವಾಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಆಗ ಕುಡಿಸಬೇಕಾದುದು ಸುಮಾರು 27 ಮಿಲಿಕ್ಯೂರಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಯೋಡಿನ್ ಎರಡು ರೀತಿಯಲ್ಲಿ ಕಡಿಮೆಯಾಗುತ್ತದೆ: ಪರಮಾಣು ತಾನೇ ಕ್ಷಯಿಸುತ್ತದೆ, ದೇಹವೂ ಅದನ್ನು ಹೊರಹಾಕುತ್ತದೆ. ತಳದಲ್ಲಿ ಎರಡು ತೂತಿರುವ ಕೊಡದಂತೆ. ಎರಡೂ ಅರ್ಧಾಯುಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಪರಿಣಾಮಕಾರಿ ಅರ್ಧಾಯು ಸಿಗುತ್ತದೆ. ದೇಹವೂ 8 ದಿನಗಳಲ್ಲಿ ಅರ್ಧವನ್ನು ಕಳೆದುಕೊಳ್ಳುವುದಾದರೆ 64ನ್ನು 16ರಿಂದ ಭಾಗಿಸಿ, 4 ದಿನ. ಆಗ ನಮ್ಮ 27 ಮಿಲಿಕ್ಯೂರಿ ಸಾಲದು, 54 ಬೇಕು. ಚೂರಿನ ತೂಕದ ಅಂದಾಜು ತಪ್ಪಿದರೆ ಉತ್ತರ ಮತ್ತೆ ಬದಲಾಗುತ್ತದೆ. ಎರಡು ಗ್ರಾಂನ ಚೂರನ್ನು ಕುತ್ತಿಗೆಯೊಳಗೆ ತೂಗುವ ತಕ್ಕಡಿ ಎಲ್ಲಿದೆ? ಸೂತ್ರ ಸರಿಯಿದೆ, ಅದರೊಳಗೆ ಹಾಕುವ ಅಂಕಿಗಳು ಮಾತ್ರ ಜಾರುತ್ತವೆ. ಹೀಗಾಗಿ ಬಹಳ ವೈದ್ಯರು ಲೆಕ್ಕವನ್ನೇ ಬದಿಗಿಟ್ಟು, ಅನುಭವದ ಮೇಲೆ ಎಲ್ಲರಿಗೂ 100, 150, 200 ಮಿಲಿಕ್ಯೂರಿ ಎಂದು ನಿಗದಿ ಮಾಡಿಕೊಂಡರು. ಅವರನ್ನು ಸೋಮಾರಿಗಳೆಂದು ನಾನು ಹೇಳಲಾರೆ. ಆದರೆ ಎಪ್ಪತ್ತು ಕಿಲೋ ತೂಕದ ತರುಣನಿಗೂ ನಲವತ್ತು ಕಿಲೋ ತೂಕದ ಅಜ್ಜಿಗೂ ಒಂದೇ ಅಳತೆಯ ಲೋಟ ಎಂಬುದು ಮನಸ್ಸಿಗೆ ಒಪ್ಪುವ ಮಾತಲ್ಲ.

ಅಪಾಯ ಎಲ್ಲಿ ಅಡಗಿದೆ ಎಂಬುದು ತಿಳಿದದ್ದು ಕಷ್ಟದ ದಾರಿಯಲ್ಲಿ. ಕ್ಯಾನ್ಸರ್ ಶ್ವಾಸಕೋಶದ ತುಂಬ ಹರಡಿದ್ದ ಕೆಲವು ರೋಗಿಗಳಿಗೆ ದೊಡ್ಡ ಡೋಸು ಕೊಟ್ಟಾಗ ಅಯೋಡಿನ್ ಅಲ್ಲಿಯೇ ದಟ್ಟವಾಗಿ ನೆಲೆಸಿ, ಶ್ವಾಸಕೋಶವೇ ಉರಿದು, ನಾರುಗಟ್ಟಿ ಗಟ್ಟಿಯಾಯಿತು. 1957ರಲ್ಲಿ ಎಡ್ವರ್ಡ್ ರಾಲ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ರೋಗವನ್ನು ಕೊಲ್ಲಲು ಹೋದ ಕಿರಣ ಉಸಿರನ್ನೇ ಹಿಡಿದಿತ್ತು. 1962ರಲ್ಲಿ ಅದೇ ನ್ಯೂಯಾರ್ಕಿನಿಂದ ರಿಚರ್ಡ್ ಬೆನುವಾ ಮತ್ತು ಸಂಗಡಿಗರ ಪ್ರಬಂಧ ಬಂತು. 59 ರೋಗಿಗಳಿಗೆ ಕೊಟ್ಟ 122 ಚಿಕಿತ್ಸೆಗಳ ಲೆಕ್ಕವನ್ನು ಅವರು ಮುಂದಿಟ್ಟುಕೊಂಡು ಕುಳಿತಿದ್ದರು. ಯಾರಿಗೆ ರಕ್ತ ಕುಸಿಯಿತು, ಯಾರಿಗೆ ಕುಸಿಯಲಿಲ್ಲ? ರಕ್ತಕ್ಕೆ 200 ರ್‍ಯಾಡ್‌ಗಿಂತ ಹೆಚ್ಚು ತಗುಲಿದವರಲ್ಲಿ ಗಂಭೀರ ತೊಂದರೆಗಳು ಹೆಚ್ಚಿದ್ದವು. ಅದರಿಂದ ಮೂರು ಗೆರೆಗಳು ಹುಟ್ಟಿದವು: ರಕ್ತಕ್ಕೆ 200 ರ್‍ಯಾಡ್ ಮೀರಬಾರದು, 48 ಗಂಟೆಗಳ ಬಳಿಕ ಮೈಯಲ್ಲಿ ಉಳಿದಿರುವುದು 120 ಮಿಲಿಕ್ಯೂರಿಯನ್ನು ಮೀರಬಾರದು, ಶ್ವಾಸಕೋಶಕ್ಕೆ ಹರಡಿದ್ದರೆ 80ನ್ನು ಮೀರಬಾರದು. ಅರವತ್ತು ವರ್ಷ ಕಳೆದರೂ ಈ ಗೆರೆಗಳು ಬಳಕೆಯಲ್ಲಿವೆ.

ಇದನ್ನೂ ಕೊಟ್ಟಾರದಲ್ಲೇ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಯಾರ ರೋಗಪತ್ರದವೂ ಅಲ್ಲ. ಒಬ್ಬರು ನಲವತ್ತರ ಶಿಕ್ಷಕಿ. ಇನ್ನೊಬ್ಬರು ಎಪ್ಪತ್ತೈದರ ಅಜ್ಜ, ಮೂತ್ರಪಿಂಡಗಳು ಸ್ವಲ್ಪ ದಣಿದಿವೆ. ಇಬ್ಬರಲ್ಲೂ ರೋಗ ಹರಡಿದೆ. ಇಬ್ಬರಿಗೂ ಮೊದಲು ಒಂದೆರಡು ಮಿಲಿಕ್ಯೂರಿಯ ಪುಟ್ಟ ಪರೀಕ್ಷಾ ಡೋಸು ಕೊಟ್ಟು, 48 ಗಂಟೆಗಳ ಬಳಿಕ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಶಿಕ್ಷಕಿಯಲ್ಲಿ ಶೇಕಡ 40, ಅಜ್ಜನಲ್ಲಿ ಶೇಕಡ 65. 120ನ್ನು 0.40ರಿಂದ ಭಾಗಿಸಿ: 300 ಮಿಲಿಕ್ಯೂರಿ. 0.65ರಿಂದ ಭಾಗಿಸಿ: ಸುಮಾರು 185. ಈಗ ಇಬ್ಬರಿಗೂ ಸಮನಾಗಿ 200 ಕೊಟ್ಟಿದ್ದರೆ? ಶಿಕ್ಷಕಿಯಲ್ಲಿ 80 ಉಳಿಯುತ್ತದೆ, ಗೆರೆಯ ಒಳಗೆ. ಅಜ್ಜನಲ್ಲಿ 130 ಉಳಿಯುತ್ತದೆ, ಗೆರೆಯ ಹೊರಗೆ! ಅಜ್ಜನ ಶ್ವಾಸಕೋಶಕ್ಕೂ ರೋಗ ಹರಡಿದ್ದರೆ ಅವರ ಮಿತಿ ಕೇವಲ 123. ರಕ್ತದ ಮಾದರಿಗಳಿಂದ 200 ರ್‍ಯಾಡಿನ ಲೆಕ್ಕವನ್ನು ಬೇರೆಯಾಗಿ ಮಾಡಿ, ಎರಡರಲ್ಲಿ ಚಿಕ್ಕದನ್ನು ಹಿಡಿಯಬೇಕು. ಎಪ್ಪತ್ತು ದಾಟಿದವರಲ್ಲಿ ನಿಗದಿತ ಡೋಸು ಪದೇ ಪದೇ ಈ ಮಿತಿಯನ್ನು ಮೀರುತ್ತದೆ ಎಂದು 2006ರಲ್ಲಿ ಅಮೆರಿಕದ ಅಧ್ಯಯನಗಳು ಎಚ್ಚರಿಸಿದವು. ಅಜ್ಜನ ಲೆಕ್ಕದಲ್ಲಿ ನೀವು ಕಂಡದ್ದೂ ಅದನ್ನೇ.

ಇನ್ನು ನಮ್ಮ ದೇಶದ ಮಾತು. 1956ರ ಆಗಸ್ಟ್ 4ರಂದು ಮುಂಬಯಿಯ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕೆಲಸ ಆರಂಭಿಸಿತು. ಹೋಮಿ ಭಾಭಾ ಅವರ ಆ ತರುಣ ಪಡೆಯಲ್ಲಿ ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣ ಕೂಡ ಇದ್ದರು. 1960ರಲ್ಲಿ ಸೈರಸ್, 1985ರಲ್ಲಿ ಧ್ರುವ ಬಂದವು. ಟೆಲ್ಯೂರಿಯಮ್ ಎಂಬ ಧಾತುವಿನ ಸಂಯುಕ್ತವನ್ನು ರಿಯಾಕ್ಟರಿನೊಳಗಿಟ್ಟು ನ್ಯೂಟ್ರಾನುಗಳಿಂದ ಬಡಿಸಿದರೆ ಅದರೊಳಗೆ ಅಯೋಡಿನ್-131 ಹುಟ್ಟುತ್ತದೆ. ಕಾಯಿಸಿ ಅದನ್ನು ಬೇರ್ಪಡಿಸುತ್ತಾರೆ. ಸೀಸದ ದಪ್ಪ ಪಾತ್ರೆಯಲ್ಲಿ ಅದು ಆಸ್ಪತ್ರೆಗಳಿಗೆ ಪ್ರಯಾಣ ಹೊರಡುತ್ತದೆ. ದಾರಿಯಲ್ಲೂ ಸವೆಯುತ್ತಲೇ ಇರುತ್ತದೆ: ಮುಂಬಯಿಯಲ್ಲಿ 100 ಇದ್ದದ್ದು ಎರಡು ದಿನ ತಡವಾಗಿ ಮಂಗಳೂರು ಮುಟ್ಟಿದರೆ 84. ನಮ್ಮ ಕಡೆ ಮಳೆಗಾಲದಲ್ಲಿ ಘಾಟಿಯೋ ರಸ್ತೆಯೋ ಕೈಕೊಟ್ಟರೆ ಡೋಸಿನ ಲೆಕ್ಕವೂ ಕೈಕೊಡುತ್ತದೆ. ಇನ್ನು 1963ರಲ್ಲಿ ಮುಂಬಯಿಯ ಪರೇಲಿನಲ್ಲಿ ವಿಕಿರಣ ವೈದ್ಯಕೇಂದ್ರ ಆರಂಭವಾಯಿತು. ಥೈರಾಯ್ಡ್ ರೋಗಿಗಳಿಗೆ ಅದು ದೇಶದ ದೊಡ್ಡ ಆಸರೆ.

ಅಮೆರಿಕದವರು ಗರಿಷ್ಠ ಎಷ್ಟು ಎಂದು ಕೇಳಿದರೆ, ಭಾರತದ ವೈದ್ಯರು ಕನಿಷ್ಠ ಎಷ್ಟು ಸಾಕು ಎಂದು ಕೇಳಿದರು. ನನ್ನ ದೃಷ್ಟಿಯಲ್ಲಿ ಇದು ಈ ಕಥೆಯ ಅತಿ ಸೊಗಸಾದ ಅಧ್ಯಾಯ. ದೊಡ್ಡ ಡೋಸು ಕೊಟ್ಟ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡಬೇಕು. ಅಂಥ ಕೋಣೆಗಳು ಆಗ ನಮ್ಮಲ್ಲಿ ಕಡಿಮೆಯಿದ್ದವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಚಂದ್ರಶೇಖರ್ ಬಾಲ್ ಮತ್ತು ಸಂಗಡಿಗರು 149 ರೋಗಿಗಳನ್ನು ನಾಲ್ಕು ಗುಂಪು ಮಾಡಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 30 ಮಿಲಿಕ್ಯೂರಿಯ ಗುಂಪಿನಲ್ಲಿ 27 ಮಂದಿಯಲ್ಲಿ 17 ಮಂದಿಗೆ ಒಂದೇ ಡೋಸಿನಲ್ಲಿ ಚೂರು ನಾಶವಾಯಿತು. 50ರ ಗುಂಪಿನಲ್ಲಿ 54ರಲ್ಲಿ 42. 90ರ ಗುಂಪಿನಲ್ಲಿ 38ರಲ್ಲಿ 28. 155ರ ಗುಂಪಿನಲ್ಲಿ 30ರಲ್ಲಿ 23. ಶೇಕಡಾವಾರು ಕಂಡುಹಿಡಿಯಿರಿ. 50ರಿಂದಾಚೆಗೆ ಡೋಸು ಮೂರು ಪಟ್ಟಾದರೂ ಫಲ ಒಂದಿಷ್ಟೂ ಏರಲಿಲ್ಲ, ಅಲ್ಲವೆ? 2004ರಲ್ಲಿ ಅವರೇ 509 ರೋಗಿಗಳ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. 15ರಿಂದ 50 ಮಿಲಿಕ್ಯೂರಿಯವರೆಗೆ ಐದೈದರ ಮೆಟ್ಟಿಲು, ಎಂಟು ಗುಂಪು. 25ರಿಂದ 50ರವರೆಗಿನ ಯಾವ ಡೋಸಾದರೂ ಸರಿಸುಮಾರು ಒಂದೇ ಫಲ. ಅದಕ್ಕಿಂತ ಕೆಳಗೆ ಇಳಿದರೆ ಫಲ ಕುಸಿಯಿತು. ನಾವು ಮೇಲೆ ಕಾಗದದಲ್ಲಿ ಪಡೆದ 27 ಮತ್ತು 54ನ್ನು ಒಮ್ಮೆ ತಿರುಗಿ ನೋಡಿ. ಇಷ್ಟು ಹತ್ತಿರ ಬಂದದ್ದು ಅರ್ಧ ಭೌತವಿಜ್ಞಾನ, ಇನ್ನರ್ಧ ನಾನು ಆರಿಸಿಕೊಂಡ ಅಂಕಿಗಳ ಕೃಪೆ ಎಂದು ಒಪ್ಪಿಕೊಳ್ಳುತ್ತೇನೆ.

2012ರಲ್ಲಿ ಬ್ರಿಟನ್ನಿನ 438 ಮತ್ತು ಫ್ರಾನ್ಸಿನ 752 ರೋಗಿಗಳ ಎರಡು ಪ್ರಯೋಗಗಳು 30 ಮಿಲಿಕ್ಯೂರಿಯೂ 100 ಮಿಲಿಕ್ಯೂರಿಯೂ ಸರಿಸಮ ಎಂದು ಸಾರಿದಾಗ ಜಗತ್ತೆಲ್ಲ ಕಿವಿಗೊಟ್ಟಿತು. ದೆಹಲಿಯಲ್ಲಿ ಎಂಟು ವರ್ಷ ಮುಂಚೆಯೇ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು. 2022ರಲ್ಲಿ ಫ್ರಾನ್ಸಿನ 776 ರೋಗಿಗಳ ಇನ್ನೊಂದು ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅಪಾಯ ತೀರ ಕಡಿಮೆಯಿರುವವರಿಗೆ ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣ ಅಯೋಡಿನ್ನನ್ನೇ ಕೊಡದಿದ್ದರೂ ಮೂರು ವರ್ಷಗಳಲ್ಲಿ ಫಲ ಕೆಡಲಿಲ್ಲ. ಅವರ ಮಟ್ಟಿಗೆ ಸರಿಯಾದ ಡೋಸು ಸೊನ್ನೆ! ಆದರೆ ರೋಗ ಶ್ವಾಸಕೋಶಕ್ಕೋ ಎಲುಬಿಗೋ ಹರಡಿದವರ ಕಥೆ ಬೇರೆ. ಅವರಿಗೆ ನಿಗದಿತ ಡೋಸು ಮೇಲೋ, ಅಳೆದು ಕೊಟ್ಟದ್ದು ಮೇಲೋ ಎಂಬ ವಾದ ಇಂದಿಗೂ ತೀರಿಲ್ಲ. ಪರೀಕ್ಷಾ ಡೋಸೇ ಕೋಶಗಳನ್ನು ಮಂಕಾಗಿಸಿ ಮುಂದಿನ ದೊಡ್ಡ ಡೋಸನ್ನು ಹಿಡಿಯದಂತೆ ಮಾಡಬಹುದು ಎಂಬ ಅನುಮಾನವೂ ಈ ವಾದದಲ್ಲಿ ಸೇರಿಕೊಂಡಿದೆ.

ಮಂಗಳೂರಿನವರಿಗೆ ವಿಕಿರಣವೆಂಬುದು ತೀರ ಹೊರಗಿನ ಅತಿಥಿಯೇನಲ್ಲ. ಕೊಟ್ಟಾರದಿಂದ ಹೊರಟು ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಅಲ್ಲಿನ ಕಡಲತಡಿಯ ಮರಳಿನಲ್ಲಿ ಥೋರಿಯಮ್ ಇರುವ ಮೊನಜೈಟ್ ಬೆರೆತಿದ್ದು, ಸಹಜ ವಿಕಿರಣ ಸಾಧಾರಣಕ್ಕಿಂತ ಹೆಚ್ಚಿರುವ ತಾಣವಿದೆ ಎಂದು ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಕೊಣಾಜೆಯ ಗುಡ್ಡದ ಮೇಲೆ ಈ ಅಳತೆಯ ಕೆಲಸ ಬಹುಕಾಲದಿಂದ ನಡೆದಿದೆ. ಅಲ್ಲಿ ಮರಳಿನಿಂದ ಬರುವ ಗ್ಯಾಮಾ ಕಿರಣಗಳನ್ನು ಅಳೆಯುತ್ತಾರೆ, ಆಸ್ಪತ್ರೆಯಲ್ಲಿ ರೋಗಿಯ ಮೈಯಿಂದ ಬರುವ ಗ್ಯಾಮಾ ಕಿರಣಗಳನ್ನು ಅಳೆಯುತ್ತಾರೆ. ಉಪಕರಣದ ತತ್ತ್ವ ಒಂದೇ. ಭೌತವಿಜ್ಞಾನ ಓದುವವರಿಗೆ ಆಸ್ಪತ್ರೆಯಲ್ಲೂ ಉದ್ಯೋಗವಿದೆ ಎಂಬುದು ನಮ್ಮ ಬಹಳ ಪೋಷಕರಿಗೆ ಇನ್ನೂ ತಿಳಿದಿಲ್ಲ.

ಮತ್ತೆ ನಮ್ಮ ಕೊಟ್ಟಾರದ ತಾಯಿಯ ಬಳಿಗೆ ಹೋಗೋಣ. ಆಕೆ ಒಂದು ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿ, ಪ್ರತ್ಯೇಕ ಕೋಣೆಯಲ್ಲಿ ಕೆಲವು ದಿನ ಒಬ್ಬಳೇ ಇರುತ್ತಾಳೆ. ಹೆಚ್ಚು ನೀರು ಕುಡಿಯಬೇಕು. ಹುಳಿ ಮಿಠಾಯಿ ಚೀಪಿ ಜೊಲ್ಲುಗ್ರಂಥಿಗಳನ್ನು ಕಾಯ್ದುಕೊಳ್ಳಲು ಹೇಳುವುದೂ ಉಂಟು. ಆ ಕೋಣೆಯ ಶೌಚದ ನೀರು ನೇರವಾಗಿ ಚರಂಡಿಗೆ ಹೋಗುವಂತಿಲ್ಲ; ತೊಟ್ಟಿಯಲ್ಲಿ ಅದನ್ನು ಕಾಯಿಸಿಡುತ್ತಾರೆ, ಒಲೆಯ ಮೇಲಲ್ಲ, ಕಾಲದ ಮೇಲೆ. ಹತ್ತು ಅರ್ಧಾಯು ಕಳೆದರೆ, ಅಂದರೆ 80 ದಿನಗಳಾದರೆ, 1,024ರಲ್ಲಿ ಒಂದು ಪಾಲು ಉಳಿಯುತ್ತದೆ. ಆಕೆಯನ್ನು ಮನೆಗೆ ಕಳಿಸುವ ಮುನ್ನ ಒಂದು ಮೀಟರ್ ದೂರದಲ್ಲಿ ಮಾಪಕ ಹಿಡಿದು ನೋಡುತ್ತಾರೆ. ಮನೆಗೆ ಬಂದ ಮೇಲೂ ಕೆಲವು ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ, ಬಸುರಿಯರ ಹತ್ತಿರ ಹೆಚ್ಚು ಹೊತ್ತು ಕೂರುವಂತಿಲ್ಲ. ಇದು ಮುಟ್ಟಿದರೆ ಅಂಟುವ ರೋಗವಲ್ಲ, ದೂರವನ್ನೂ ಹೊತ್ತನ್ನೂ ಲೆಕ್ಕ ಹಾಕುವ ಶಿಸ್ತು, ಅಷ್ಟೆ. ಇದನ್ನು ನೆರೆಹೊರೆಯವರಿಗೆ ತಿಳಿಯಹೇಳುವ ಕೆಲಸ ಕಾಲೇಜಿಗೆ ಹೋಗುವ ಮಗಳ ಪಾಲಿಗೆ ಬರುತ್ತದೆ. ಹೇಳುತ್ತ ಹೇಳುತ್ತ ಅವಳು ಒಳಗೆ ಹೋಗಿ, ವೈದ್ಯರು ಮೀನಿಗೆ ಒಪ್ಪಿಗೆ ಕೊಟ್ಟ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬರುತ್ತಾಳೆ.